ಊರಿಗೆಲ್ಲ ಅಪ್ಪ

ಒಂದು ರಾಜ್ಯ. ಆ ರಾಜ್ಯಕ್ಕೊಂದು ಮಹಾ ಪಟ್ಟಣ. ಎಷ್ಟು ದೊಡ್ಡದು ಅಂತೀರಿ? ಹೊತ್ತು ಹುಟ್ಟುವಾಗ ಮೂಡಲ ಬಾಗಿಲು ಬಿಟ್ಟವನು ಪಡುವಲ ಬಾಗಿಲು ಮುಟ್ಟುವಾಗ ಮನೆಮನೆಯಲ್ಲೂ ದೀಪ ಹಚ್ಚಿರುತ್ತಿದ್ದರು.

ಅಂಥ ಊರನ್ನು ನೋಡಿಕೊಳ್ಳೋಕೆ ರಾಜ ಒಬ್ಬನನ್ನು ನೇಮಿಸುತ್ತಿದ್ದ. ಅವನಿಗೆ ನಗರಪಿತ ಅಂತ ಹೆಸರು. ಪೇಟ ತೊಡುವಾಗ ಅವನು ಜನರ ಮುಂದೆ ಹೇಳಬೇಕು: ಈ ಊರಿನವರಿಗೆಲ್ಲ ನಾನೇ ಅಪ್ಪ. ಆ ಮಾತು ಬಿಟ್ಟರೆ ಪೇಟವನ್ನೂ ಬಿಡಬೇಕು.

ಹಾಗೆ ನಗರಪಿತನಾದವನು ಮುದ್ದುವೀರ. ಅಪ್ಪಾ ಅನ್ನಿಸಿಕೊಳ್ಳೋದು ಅವನಿಗೆ ಬಲು ಇಷ್ಟ. ಊರ ದಿಬ್ಬದ ಮೇಲೆ ಬಡವರ ಮಸಣ ಇತ್ತು. ಗಾಳಿ ಚೆನ್ನಾಗಿದೆ, ಇಲ್ಲೇ ನನಗೊಂದು ಮಹಡಿ ಮನೆ ಏಳಲಿ ಅಂದ. ಗುದ್ದಲಿ ಪೂಜೆಗೆ ದಿನ ಇಟ್ಟ.

ಹೂ ಮಾರುವ ಸಾಕಜ್ಜಿಯ ಗಂಡ ಮಲಗಿದ್ದು ಅದೇ ಮಣ್ಣಲ್ಲಿ. ಅಜ್ಜಿ ದಿನಾ ಹೋಗೋಳು. ಒಂದು ಮೊಳ ಹೂ ಇಡೋಳು. ಸುಮ್ಮನೆ ಕೂತು ಬರೋಳು.

ಪೂಜೆಗೆ ಹೂವಿನ ಬುಟ್ಟಿ ತಂದವಳೂ ಅವಳೇ. ಬುಟ್ಟಿ ಇಳಿಸಲಿಲ್ಲ.

"ಅಪ್ಪಾ, ಕುಂಬಾರಗೇರೀಲಿ ನಿನ್ನ ಮಗನೊಬ್ಬ ತೀರಿಕೊಂಡ. ನಿನಗೆ ಸೂತಕ."

ಸೂತಕದಲ್ಲಿ ಪೂಜೆ ಉಂಟೇ? ಪುರೋಹಿತರು ಕಲಶ ಎತ್ತಿಕೊಂಡು ನಡೆದೇಬಿಟ್ಟರು.

ಮತ್ತೆ ದಿನ ಇಟ್ಟ. ಮತ್ತೆ ಅಜ್ಜಿ ಬಂದಳು. ನೇಕಾರರ ಬೀದೀಲಿ ಹಸುಗೂಸೊಂದು ಹೋಯಿತು, ಅದೂ ನಿನ್ನದೇ ಅಂದಳು. ಮತ್ತೆ ಕಲಶ ಎದ್ದಿತು.

ಮೂರನೇ ಸಲ ಮುದ್ದುವೀರ ರಾಜನನ್ನೇ ಕರೆದಿದ್ದ. ಈ ಸಲ ಯಾರು ತಡೀತಾರೆ ಅಂತ. ಅಜ್ಜಿ ಬಂದಳು.

"ಪಡುವಲ ಬಾಗಿಲಲ್ಲಿ ಒಬ್ಬ ಸತ್ತು ಬಿದ್ದಿದಾನೆ ಅಪ್ಪಾ. ಹೆಸರಿಲ್ಲ. ಅಳೋರಿಲ್ಲ."

ಮುದ್ದುವೀರನ ಪಿತ್ತ ನೆತ್ತಿಗೇರಿತು. ಗುದ್ದಲಿ ಎತ್ತಿದ.

"ಯಾವನೋ ಸತ್ತರೆ ನನಗೇನು? ನಾನೇನು ಅವನಪ್ಪನಾ?"

ಜನ ರಾಜನ ಕಡೆ ತಿರುಗಿದರು.

ರಾಜ ದಿಬ್ಬದಿಂದ ಕೆಳಗೆ ನೋಡಿದ. ಕಣ್ಣು ಹರಿದಷ್ಟೂ ಹೆಂಚು, ಒಲೆ ಹೊಗೆ. ಒಂದು ಬೀದೀಲಿ ತೊಟ್ಟಿಲು ಕಟ್ಟುತ್ತಿದ್ದರು. ಪಕ್ಕದ ಬೀದೀಲಿ ಚಟ್ಟ ಕಟ್ಟುತ್ತಿದ್ದರು. ಎಷ್ಟು ಜೀವ! ಎಲ್ಲ ಸೇರಿ ಒಂದೇ ಊರು. ರಾಜನ ಎರಡೂ ಕೈ ತಾವಾಗಿ ಜೋಡಿಕೊಂಡವು.

ಆಮೇಲೆ ಮೆಲ್ಲಗೆ ಅಂದ: "ನಿಜ ಹೇಳಿದೆ. ನೀನು ಅವನಪ್ಪ ಅಲ್ಲ. ಪೇಟ ಇಳಿಸು."

ಅದೇ ಗುದ್ದಲೀಲಿ ಆ ಹೆಸರಿಲ್ಲದವನಿಗೆ ಗುಂಡಿ ತೋಡಿದರು. ಮೊದಲ ಹಿಡಿ ಮಣ್ಣು ಹಾಕಿದವನು ರಾಜ. ಸಾಕಜ್ಜಿ ಬುಟ್ಟಿ ಹೂವನ್ನೆಲ್ಲ ಅಲ್ಲೇ ಸುರಿದಳು. ಒಂದು ಮೊಳ ಮಾತ್ರ ಉಳಿಸಿಕೊಂಡಳು. ಯಾರಿಗೆ ಅಂತ ನಿಮಗೆ ಗೊತ್ತು.

ಅಪ್ಪ ಅನ್ನಿಸಿಕೊಳ್ಳೋನು ಸೂತಕವನ್ನೂ ಹೊರಬೇಕು, ಮಕ್ಕಳೇ. ಹೊರಲಾರದ ತಲೆಗೆ ಪೇಟ ಯಾಕೆ?