ಕಾಟಾ ಆಫೀಸಿನ ಜೋಡಿ ಡಿಸ್ಕು

ಪೆದ್ದನ ಕತೆ ಬೇಕಾ? ಬೇರೆಯೋರ ಕತೆ ಯಾಕ್ರಲಾ, ನಾನೇ ಇಲ್ವಾ! ನನ್ನಂಥ ಪೆದ್ದ ಈ ಸೀಮೇಲೇ ಹುಟ್ಟಿಲ್ಲ, ಬೇಕಾದ್ರೆ ಬಾಜಿ ಕಟ್ಟಿ.

ನಮ್ಮವ್ವ ಸಣ್ಣತಾಯಮ್ಮ ಸಕ್ಕರೆ ಕಾರ್ಖಾನೆ ಕಾಟಾ ಆಫೀಸಲ್ಲಿ ಕಸ ಗುಡಿಸ್ತಿದ್ಲು. ಕಬ್ಬಿನ ಗಾಡಿ ತೂಗೋ ಜಾಗ ಅದು. ಸಾಹೇಬ್ರ ಕಾಲು ಹಿಡ್ದು ನನ್ನೂ ಸೇರಿಸಿದ್ಲು.

"ಚಿಕ್ಕಬೋರ, ಹೇಳ್ದಷ್ಟು ಮಾಡ್ಲಾ, ನಿನ್ ದಮ್ಮಯ್ಯ!"

ಹೇಳ್ದಷ್ಟು ಮಾಡೋದ್ರಲ್ಲಿ ನನ್ನ ಮೀರ್ಸೋರು ಯಾರವ್ರೆ?

ತೂಕ ಎಲ್ಲಾ ಕಂಪ್ಯೂಟ್ರಲ್ಲಿ. ಅದರಲ್ಲಿ ಲೆಕ್ಕ ಬರ್ದಿಡೋ ಎರಡು ಡಿಸ್ಕು. ಒಂದ್ರಲ್ಲಿ ಬರೆದದ್ದೇ ಇನ್ನೊಂದ್ರಲ್ಲೂ. ಒಂದು ಸತ್ರೂ ಇನ್ನೊಂದು ನಡೆಸ್ತದೆ, ಕಾಟಾ ನಿಲ್ಲಾಕಿಲ್ಲ. ಇಂಜಿನಿಯರ್ ಪಟ್ಟಾಭಿ ಹೇಳಿದ್ರು, "ಎರಡನ್ನೂ ಎಳೇ ಮಗು ನೋಡ್ಕೊಂಡಂಗೆ ನೋಡ್ಕೊ."

ನೋಡ್ಕೊಂಡೆ! ಎರಡನ್ನೂ ಈಚೆಗೆ ಎಳ್ದು, ಎಣ್ಣೆ ತಿಕ್ಕಿ, ಬಿಸಿನೀರು ಹುಯ್ದು, ಸಾಂಬ್ರಾಣಿ ಹೊಗೆ ಕೊಟ್ಟು, ಬಟ್ಟೇಲಿ ಸುತ್ತಿ ಮಲಗಿಸ್ದೆ. ಕಾಟಾ ನಿಂತೋಯ್ತು. ನಿಂತ ಗಾಡಿ ಸಾಲು ಕಾಲುವೆ ಏರಿಯಿಂದಾಚೆಗೂ ಬೆಳೀತು.

"ಥೂ ಪೆದ್ದ! ಎರಡನ್ನೂ ಒಟ್ಟಿಗೆ ಕೊಂದ್ಯಲ್ಲೋ! ಒಂದಕ್ಕೆ ಬಂದ ಗತಿ ಇನ್ನೊಂದಕ್ಕೆ ಬರಬಾರ್ದು ಕಣೋ!" ಅಂತ ಪಟ್ಟಾಭಿ ಬೈದು, ಹೊಸ ಜೋಡಿ ಹಾಕಿದ್ರು.

"ಆಗ್ಲಿ ಸ್ವಾಮಿ!" ಅಂದೆ. ಒಂದನ್ನ ಅಲ್ಲೇ ಬಿಟ್ಟೆ. ಇನ್ನೊಂದನ್ನ ಕಿತ್ಕೊಂಡೋಗಿ ಮನೇಲಿ ರಾಗಿ ಗುಡಾಣದಲ್ಲಿ ಹೂತಿಟ್ಟೆ. ಇನ್ಯಾವ ಪೀಡೆ ತಾಕಾದು?

ಒಂದಿನ ಅಲ್ಲಿದ್ದದ್ದು ತಾನಾಗೇ ಸತ್ತೋಯ್ತು. ಇನ್ನೊಂದೆಲ್ಲಿ? ರಾಗಿ ತಿಂತಾ ಕೂತೈತೆ! ಕಾಟಾ ಮತ್ತೆ ನಿಂತ್ಕೊಂತು.

ಅವ್ವ ಹಣೆ ಚಚ್ಕೊಂಡ್ಲು. ಸಾಹೇಬ್ರು ಕೂಗಿದ್ರು, "ಸಣ್ಣತಾಯಿ, ಇವನು ಇನ್ನೊಂದು ಎಡವಟ್ಟು ಮಾಡಿದ್ರೆ ಮಗನ ಜೊತೆ ನೀನೂ ಮನೆಗೆ!"

ಪಟ್ಟಾಭಿ ಮತ್ತೆ ಜೋಡಿ ಕೂರಿಸಿ, ನನ್ನ ಕಿವಿ ಹಿಡ್ಕೊಂಡ್ರು. "ಕೇಳೋ ಮಂಕೆ! ಕೆಲಸ ಮಾಡ್ದೆ ಇರೋದನ್ನ ಮಾತ್ರ ಈಚೆಗೆ ಎಳಿ. ಆ ಜಾಗಕ್ಕೆ ಕೆಲಸ ಮಾಡೋದನ್ನ ಕೂರ್ಸು. ಅದು ಪಕ್ಕದ್ದನ್ನ ನೋಡಿ ಎಲ್ಲಾ ಪೂರ್ತಿ ತುಂಬ್ಕೊಳ್ಳೋವರೆಗೂ ಅಲ್ಲಾಡಿಸ್ಬೇಡ!"

ಅವ್ವನ ಅನ್ನದ ಪ್ರಶ್ನೆ. ರೆಪ್ಪೆ ಬಡೀದೆ ಕಾದೆ. ಊಟ ಆದ್ಮೇಲೆ ನೋಡ್ತೀನಿ, ಡಿಸ್ಕು ಎರಡೂ ಹಸಿರು ದೀಪ ಮಿಟುಕಿಸ್ತಾ ದುಡೀತಾವೆ. ಸಾಹೇಬ್ರ ಪಕ್ಕದಲ್ಲಿ ಗುಮಾಸ್ತ ತೂಗ್ತಾವ್ನೆ. ಅವ್ವ ಗುಡಿಸ್ತಾವ್ಳೆ. ಸಾಹೇಬ್ರು? ಕುರ್ಚಿ ಮೇಲೆ ಗೊರಕೆ!

ಸಿಕ್ತಲ್ಲ! ಕಂಕುಳಿಗೆ ಕೈ ಕೊಟ್ಟು ದರದರ ಎಳ್ದು ಜಗಲಿ ಮೇಲೆ ಹಾಕ್ದೆ. ಬಾಗಿಲ ಚಿಲಕ ಜಡ್ದೆ. ಕುರ್ಚಿಗೆ ಅವ್ವನ್ನ ಎತ್ತಿ ಕೂರಿಸ್ದೆ, ಪೊರಕೆ ಸಮೇತ.

ಸಾಹೇಬ್ರು ಬಾಗಿಲು ಗುದ್ತಾವ್ರೆ. "ಅಯ್ಯೋ ಮುಂಡೇದೆ, ಇಳಿಸ್ಲಾ! ಕೆಲಸ ಹೋಯ್ತಲ್ಲೋ!" ಅಂತ ಅವ್ವ ಬಾಯಿ ಬಡ್ಕೊಂತಾವ್ಳೆ.

"ಅಲ್ಲಾಡ್ಬೇಡ ಕಣವ್ವ! ಪಕ್ಕದ ಗುಮಾಸ್ತನ್ನ ನೋಡ್ತಾ ಇರು, ಇನ್ನೂ ಅರ್ಧನೂ ತುಂಬಿಲ್ಲ ನೀನು!"