ಬಸವನಹುಳುವಿನ ಪಾತ್ರಕ್ಕೆ ಮಿಡತೆ

ಒಂದು ವೈಜ್ಞಾನಿಕ ಕಾದಂಬರಿಗೆ ಬಸವನಹುಳುವೇ ನಾಯಕ. ಮುನ್ನೂರು ವರ್ಷ ತೆವಳಿ ದೂರದ ನಕ್ಷತ್ರ ಸೇರಿ, ಶತ್ರುವಿನ ಬಾಗಿಲಲ್ಲಿ ಸುಮ್ಮನೆ ಕೂತು, ಅವನೇ ಬಂದು ಮಾತಾಡಿಸುವವರೆಗೂ ಕಾದು ಗೆದ್ದದ್ದು ಅದರ ಕತೆ. ಅದನ್ನು ಸಿನಿಮಾ ಮಾಡಲು ಹೊರಟ ಗೋಸುಂಬೆ ಬಸವನಹುಳುವಿಗೆ ಹೇಳಿತು:

“ಮುನ್ನೂರು ವರ್ಷವನ್ನು ಮೂರು ನಿಮಿಷ ಮಾಡಿದ್ದೇನೆ. ಚಿಪ್ಪು ತೆಗೆದಿದ್ದೇನೆ, ಹೊತ್ತುಕೊಂಡು ಕುಣಿಯಲಾಗದು. ಶತ್ರುವನ್ನು ನೀವು ಒಂದೇ ಒದೆತಕ್ಕೆ ಕೆಡವುತ್ತೀರಿ.”

“ಸ್ವಾಮಿ, ನನಗೆ ಕಾಲೇ ಇಲ್ಲವಲ್ಲ!”

“ಅದಕ್ಕೇ ನಿಮ್ಮ ಪಾತ್ರಕ್ಕೆ ಮಿಡತೆಯನ್ನು ಹಾಕಿಕೊಂಡಿದ್ದೇನೆ.”

“ಹಾಗಾದರೆ ನನ್ನದೇನು ಉಳಿಯಿತು?”

“ಹೆಸರು! ಅದನ್ನು ಮಾತ್ರ ಮುಟ್ಟಿಲ್ಲ.”

ಎಷ್ಟಾದರೂ ತನ್ನದೇ ಚಿತ್ರವಲ್ಲವೇ ಎಂದು ಬಸವನಹುಳು ಮುಹೂರ್ತದ ದಿನವೇ ಚಿತ್ರಮಂದಿರಕ್ಕೆ ಹೊರಟಿತು. ತಲುಪುವಾಗ ಪ್ರದರ್ಶನದ ಇಪ್ಪತ್ತೈದನೇ ದಿನ. ಮಿಡತೆಯ ಕಟೌಟಿಗೆ ಹಾಲೆರೆಯುತ್ತಿದ್ದ ಇರುವೆ ಬಾಗಿಲಲ್ಲೇ ತಡೆಯಿತು.

“ನಾನೇ ಕಣಪ್ಪ, ಈ ಕತೆಯ ಬಸವನಹುಳು.”

“ನಮ್ಮ ಬಾಸ್ ಒಂದೇ ನೆಗೆತಕ್ಕೆ ಚಂದ್ರನನ್ನೇ ದಾಟ್ತಾರೆ. ನೀನು ಈ ಮೆಟ್ಟಿಲು ಹತ್ತು ನೋಡೋಣ, ಡೂಪ್ಲಿಕೇಟ್!”

ಬಸವನಹುಳುವಿನ ಕೊಂಬುಗಳು ಒಳಸೇರಿದವು. ಅದು ಮೆಟ್ಟಿಲ ಕೆಳಗೇ ಕೂತಿತು. ವಾರಗಳು ಕಳೆದವು. ಚಿತ್ರ ಎತ್ತಂಗಡಿಯಾಯಿತು, ಕಟೌಟ್ ಇಳಿಯಿತು. ಹಾಲೆರೆಯಲು ಹೊಸ ಬಾಸ್ ಇನ್ನೂ ಬಂದಿರಲಿಲ್ಲ. ಹೊತ್ತು ಹೋಗದ ಇರುವೆ ಬಂದು ಪಕ್ಕದಲ್ಲಿ ಕೂತಿತು.

“ಅಣ್ಣಾ, ಬೇಜಾರು ಮಾಡ್ಕೋಬೇಡ. ಆ ನಕ್ಷತ್ರದಲ್ಲಿ ನಿಜವಾಗಿ ಏನಾಯ್ತು?”

ಬಸವನಹುಳು ನಿಧಾನವಾಗಿ ಕೊಂಬು ಹೊರಚಾಚಿತು.

“ಹೇಳ್ತೀನಿ. ನಿನಗೇನೂ ಅವಸರ ಇಲ್ಲ ತಾನೆ?”