ಮುರಿಗೇಶ ಜೋಡಿಸಿದ ಮನೆ

ಸಮಯ: ಬೆಳಿಗ್ಗೆ ಹತ್ತು ಗಂಟೆ. ಹವೆ: ಒಣ ಬಿಸಿಲು, ಗಾಳಿ ಇಲ್ಲ. ಸ್ಥಳ: ದಾವಣಗೆರೆ, ಸರ್ವಮಂಗಳಮ್ಮನವರ ಗೃಹಾಲಂಕಾರದ ಅಂಗಡಿ. ಹಾಜರಿದ್ದವರು: ಒಡತಿ ಸರ್ವಮಂಗಳಮ್ಮ, ಆಕೆಯ ಮಗ ಮುರಿಗೇಶ, ಬಡಗಿ ಮೌನೇಶಾಚಾರಿ, ಹೊಸ ಮನೆ ಕಟ್ಟಿಸಿದ ನಿವೃತ್ತ ಮುಖ್ಯೋಪಾಧ್ಯಾಯಿನಿ ಕೊಟ್ರಮ್ಮ. ಇವರಲ್ಲಿ ಮೂವರಿಗೆ ಬುದ್ಧಿ ಇತ್ತು. ಮುರಿಗೇಶನಿಗೆ ವಿಧೇಯತೆ ಇತ್ತು. ಗದ್ದಲ ಮಾಡದೆ ಕೇಳಿ.

ಕೊಟ್ರಮ್ಮ ಕುಳಿತುಕೊಳ್ಳಲಿಲ್ಲ. ನಿಂತೇ ಹೇಳಿದರು.

"ಶುಕ್ರವಾರ ಇದೇ ಹೊತ್ತಿಗೆ ಬರ್ತೀನಿ. ನನ್ನ ಮನೆ ಒಳಗೆ ಯಾವುದು ಎಲ್ಲಿ ಬರುತ್ತೆ ಅಂತ ಆ ಕಂಪ್ಯೂಟರಲ್ಲಿ ತೋರಿಸಬೇಕು. ಒಪ್ಪಿದರೆ ಕೆಲಸ ನಿಮ್ಮದು. ಇಲ್ಲಾಂದ್ರೆ ಎದುರಂಗಡಿ."

ಈ ಕೆಲಸ ಕೈತಪ್ಪಿದರೆ ಅಂಗಡಿ ಮುಚ್ಚಬೇಕಿತ್ತು. ಅದು ತೀರಿಕೊಂಡ ಗಂಡ ಕಟ್ಟಿದ ಅಂಗಡಿ. ಸರ್ವಮಂಗಳಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಮಗನನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು. ಅಂಗಡಿಯಲ್ಲಿ ಆ ವಿದ್ಯೆ ಬಲ್ಲವನು ಅವನೊಬ್ಬನೇ. ಅವನು ಬಲ್ಲದ್ದೂ ಅದೊಂದೇ.

"ಇಲ್ಲಿ ನೋಡಲೇ ಮುರಿಗೇಶ. ಸೋಫಾ, ಕಪಾಟು, ಪರದೆ, ನಲ್ಲಿ, ಎಲ್ಲದರ ಚಿತ್ರನೂ ಕಲಸಿಕೊಂಡು ಬಿದ್ದಾವೆ. ಫೋಲ್ಡರ್ ಮಾಡಿ ಇಡು. ಒಂದರೊಳಗೆ ಇನ್ನೊಂದು ಬೆರೀಬಾರದು!"

"ಆಗಲಿ ಅವ್ವಾ!"

ಮುರಿಗೇಶ ಊಟಕ್ಕೂ ಏಳಲಿಲ್ಲ. ಸಂಜೆ ತಾಯಿ ಬಂದು ನೋಡಿದರು. ಎಷ್ಟು ಚಿತ್ರವೋ ಅಷ್ಟು ಫೋಲ್ಡರ್! ಒಂದು ನಲ್ಲಿಗೆ ಒಂದು ಫೋಲ್ಡರ್, ಕಪಾಟಿನ ಒಂದು ಹಿಡಿಗೆ ಒಂದು ಫೋಲ್ಡರ್.

"ಏನಲೇ ಇದು?"

"ಒಂದರೊಳಗೆ ಇನ್ನೊಂದು ಬೆರೆತಿಲ್ಲ ಅವ್ವಾ!"

"ಅಯ್ಯೋ ದಡ್ಡಾ! ನೋಡೋಕೆ ಒಂದೇ ಥರ ಇರೋದನ್ನ ಒಂದೇ ಕಡೆ ಇಡಬೇಕಿತ್ತು!"

"ಮುಂದಿನ ಸಲ ಹಾಗೇ ಮಾಡ್ತೀನಿ ಅವ್ವಾ!"

ಮರುದಿನ ತಾಯಿ ಕೊಟ್ರಮ್ಮನವರ ಅಡುಗೆಮನೆಯನ್ನು ಕಂಪ್ಯೂಟರಿನಲ್ಲಿ ಜೋಡಿಸಲು ಹೇಳಿದರು. ಮುರಿಗೇಶ ಜೋಡಿಸಿದ. ಬಿಳಿ ಪಿಂಗಾಣಿಯ ಸಿಂಕು ಇಟ್ಟ. ಅದರ ಪಕ್ಕದಲ್ಲಿ ಬಿಳಿ ಪಿಂಗಾಣಿಯ ಕಮೋಡು ಇಟ್ಟ.

ಮೌನೇಶಾಚಾರಿ ಕನ್ನಡಕ ಏರಿಸಿ ನೋಡಿದ. "ಅಮ್ಮಾ, ಒಲೆ ಮುಂದೇನೇ ಎಲ್ಲ ಮುಗಿಸೋ ಏರ್ಪಾಡು ಮಾಡ್ಯಾನೆ ನಿಮ್ಮ ಮಗ!"

"ಥೂ! ಯಾಕಲೇ ಹಿಂಗೆ ಮಾಡಿದಿ?"

"ಎರಡೂ ಬೆಳ್ಳಗಿದಾವೆ ಅವ್ವಾ. ಎರಡಕ್ಕೂ ನೀರು ಬರುತ್ತೆ. ಒಂದೇ ಥರ ಇರೋದನ್ನ ಒಂದೇ ಕಡೆ ಇಟ್ಟೆ!"

"ಮನೆಯವರ ಬಾಯಿಂದ ಕೇಳಿಕೊಂಡು ಬರಬೇಕಿತ್ತು! ಅವರು ಏನೇನು ಹೇಳ್ತಾರೋ ಅದನ್ನೆಲ್ಲ ಹಾಕಬೇಕಿತ್ತು! ಒಂದು ಮಾತೂ ಬಿಡಬಾರದಿತ್ತು!"

"ಮುಂದಿನ ಸಲ ಹಾಗೇ ಮಾಡ್ತೀನಿ ಅವ್ವಾ!"

ಮುಂದಿನ ಸಲ ತಡವಾಗಲಿಲ್ಲ. ಅಂದೇ ಕೊಟ್ರಮ್ಮನವರ ಹೊಸ ಮನೆಗೆ ಹೋದ. ಬಾಗಿಲಲ್ಲೇ ಕೈಕಟ್ಟಿ ನಿಂತ.

"ಮೇಡಂ, ಏನೇನು ಬೇಕು ಹೇಳಿ."

"ಹಾಲಲ್ಲಿ ಒಂದು ಉಯ್ಯಾಲೆ ಇರಲಿ. ಎದುರಿನ ಗೋಡೆಗೆ ನಮ್ಮ ಯಜಮಾನರ ಫೋಟೋ, ಹಾರ ಹಾಕಿ. ತಗೋ ಫೋಟೋ. ಮುಂಬಾಗಿಲು... ಏ! ಏ! ಎಮ್ಮೆ ನುಗ್ಗಿತು ಕಣೋ ಕಾಂಪೌಂಡಿಗೆ! ಕೋಲು ತಗೋ! ಓಡಿಸು!"

ಮುರಿಗೇಶ ಎಮ್ಮೆಯನ್ನು ಓಡಿಸಿದ. ಅಂಗಡಿಗೆ ಬಂದು ಎಲ್ಲವನ್ನೂ ಹಾಕಿದ. ಉಯ್ಯಾಲೆ ಹಾಕಿದ. ಯಜಮಾನರನ್ನು ಹಾಕಿದ. ಕಾಂಪೌಂಡಿನಲ್ಲಿ ಎಮ್ಮೆಯನ್ನು ಹಾಕಿದ. ಎಮ್ಮೆಯ ಹಿಂದೆ ಕೋಲು ಹಿಡಿದ ಮನುಷ್ಯನೊಬ್ಬನನ್ನೂ ನಿಲ್ಲಿಸಿದ.

"ಎಮ್ಮೆ ಯಾಕಲೇ?"

"ಮೇಡಂ ಹೇಳಿದರು ಅವ್ವಾ! ಒಂದು ಮಾತೂ ಬಿಟ್ಟಿಲ್ಲ!"

"ನನ್ನ ಹೊಟ್ಟೇಲಿ ಹುಟ್ಟಿದೆಯಲ್ಲೋ! ಕಣ್ಣಿಗೆ ಅಡ್ಡ ಬಂದದ್ದನ್ನ ಅಳಿಸಿಬಿಡಬೇಕಿತ್ತು!"

"ಮುಂದಿನ ಸಲ ಹಾಗೇ ಮಾಡ್ತೀನಿ ಅವ್ವಾ!"

ಎಮ್ಮೆ ಹೋಯಿತು. ಕೋಲಿನವನೂ ಹೋದ. ಗುರುವಾರ ಬೆಳಿಗ್ಗೆ ತಾಯಿ ನೋಡುತ್ತಾರೆ, ಗೋಡೆಗಳೂ ಹೋಗಿದ್ದವು! ಕಪಾಟು ಗಾಳಿಯಲ್ಲಿ ನಿಂತಿತ್ತು. ಯಜಮಾನರು ಹಾರದ ಸಮೇತ ಆಕಾಶದಲ್ಲಿದ್ದರು.

"ಗೋಡೆ ಎಲ್ಲಲೇ?"

"ಅಡ್ಡ ಬಂದವು ಅವ್ವಾ. ಹೊರಗಿಂದ ನೋಡಿದರೆ ಸೋಫಾ ಕಾಣ್ತಿರಲಿಲ್ಲ!"

ಮೌನೇಶಾಚಾರಿ ಉಳಿ ಕೆಳಗಿಟ್ಟ. "ನಾನು ಮೊಳೆ ಎಲ್ಲಿಗೆ ಹೊಡೀಲಿ ಸಾಹುಕಾರ? ಗಾಳಿಗಾ?"

ಸರ್ವಮಂಗಳಮ್ಮ ಅಳಲಿಲ್ಲ. ಕುರ್ಚಿ ಎಳೆದುಕೊಂಡು ಮಗನ ಪಕ್ಕದಲ್ಲಿ ಕುಳಿತರು. ಒಂದೊಂದು ಗೋಡೆಯನ್ನೂ ಹೇಳಿ ಹೇಳಿ ಎಬ್ಬಿಸಿದರು. ಮನೆ ಮತ್ತೆ ಮನೆಯಾಯಿತು. ಏಳುವಾಗ ಒಂದು ಮಾತು ಹೇಳಿದರು. ಅದನ್ನು ಹೇಳಬಾರದಿತ್ತು.

"ಅಳಿಸೋಕೆ ಮುಂಚೆ ಇನ್ನೊಂದು ಪ್ರತಿ ಮಾಡಿ ಇಟ್ಕೋಬೇಕಿತ್ತಲೇ! ಒಂದು ಹೋದರೆ ಇನ್ನೊಂದು ಇರುತ್ತೆ!"

"ಈ ಸಲವೇ ಮಾಡ್ತೀನಿ ಅವ್ವಾ!"

ಶುಕ್ರವಾರ ಹತ್ತು ಗಂಟೆಗೆ ಸರಿಯಾಗಿ ಕೊಟ್ರಮ್ಮ ಬಂದರು. ಈ ಸಲ ಕುಳಿತರು. ಪರದೆಯ ಮೇಲೆ ಮನೆ ತೆರೆಯಿತು. ಅಡುಗೆಮನೆ ಎರಡು. ದೇವರಮನೆ ಎರಡು. ಉಯ್ಯಾಲೆ ಎರಡು. ಎದುರಿನ ಗೋಡೆಯ ಮೇಲೆ ಹಾರ ಹಾಕಿಕೊಂಡು ಯಜಮಾನರು ಇಬ್ಬರು.

ಸರ್ವಮಂಗಳಮ್ಮ ಗೋಡೆ ಹಿಡಿದುಕೊಂಡರು. ಮೌನೇಶಾಚಾರಿ ಕೆಮ್ಮಿದ.

"ಏನಪ್ಪಾ," ಎಂದರು ಕೊಟ್ರಮ್ಮ, "ನನಗೆ ಇಬ್ಬರು ಗಂಡಂದಿರೇನು?"

"ಒಬ್ಬರು ಹೋದರೆ ಇನ್ನೊಬ್ಬರು ಇರಲಿ ಅಂತ, ಮೇಡಂ!"

"ಯಾರು ಹೇಳಿದ್ದು ಹೀಗೆ ಮಾಡು ಅಂತ?"

"ಅವ್ವ."

ಕೊಟ್ರಮ್ಮ ಮೊದಲಿನಿಂದ ಕೇಳಿದರು. ಮುರಿಗೇಶ ಮೊದಲಿನಿಂದ ಹೇಳಿದ: ಫೋಲ್ಡರು, ಕಮೋಡು, ಎಮ್ಮೆ, ಗೋಡೆ. ಒಂದನ್ನೂ ಮುಚ್ಚಿಡಲಿಲ್ಲ. ಕೊಟ್ರಮ್ಮ ತಾಯಿಯ ಕಡೆ ತಿರುಗಿದರು.

"ಸರ್ವಮಂಗಳಮ್ಮ, ತಪ್ಪು ಹುಡುಗನದಲ್ಲ. ಹೇಳಿಕೊಟ್ಟವರದು. ನೀವು ಫೇಲು! ಜೀವನವೆಲ್ಲ ಪಾಠ ಮಾಡಿದವಳು ನಾನು. ಹೇಳಿಕೆ ಅಂದರೆ ಹೇಗಿರಬೇಕು, ನೋಡಿ ಕಲೀರಿ. ಮುರಿಗೇಶ!"

"ಮೇಡಂ!"

"ಯಾವ್ಯಾವುದು ಎರಡೆರಡು ಇದೆಯೋ ಅದರಲ್ಲಿ ಒಂದೊಂದನ್ನ ತೆಗೆ. ಒಂದನ್ನೂ ಬಿಡಬೇಡ. ಅರ್ಥ ಆಯ್ತಾ?"

"ಆಯ್ತು ಮೇಡಂ!"

ಮುರಿಗೇಶ ತುಟಿ ಕಚ್ಚಿ ಕುಳಿತ. ಒಂದು ಅಡುಗೆಮನೆ ಹೋಯಿತು. ಒಂದು ದೇವರಮನೆ ಹೋಯಿತು. ಒಂದು ಉಯ್ಯಾಲೆ ಹೋಯಿತು. ಯಜಮಾನರಲ್ಲೂ ಒಬ್ಬರು ಹೋದರು.

"ನೋಡಿದಿರಾ?" ಎಂದರು ಕೊಟ್ರಮ್ಮ. ಸರ್ವಮಂಗಳಮ್ಮ ತರಿಸಿದ್ದ ಕಾಫಿ ಕುಡಿದರು.

ಮುರಿಗೇಶ ನಿಲ್ಲಿಸಲಿಲ್ಲ. ಕಾಫಿ ಮುಗಿಯುವ ಹೊತ್ತಿಗೆ ಅವನ ಕೆಲಸವೂ ಮುಗಿಯಿತು. ಕೊಟ್ರಮ್ಮ ಲೋಟ ಇಟ್ಟು ಪರದೆಯ ಹತ್ತಿರ ಬಂದರು. ಮುಂಬಾಗಿಲಿಗೆ ಒಂದೇ ಕದ. ಉಯ್ಯಾಲೆಗೆ ಒಂದೇ ಸರಪಳಿ. ಹಲಗೆ ಓರೆಯಾಗಿ ನೇತಾಡುತ್ತಿತ್ತು. ದೇವರ ಮುಂದೆ ಒಂಟಿ ದೀಪ. ಗೋಡೆಯ ಮೇಲೆ ಯಜಮಾನರಿಗೆ ಒಂದು ಕಿವಿ, ಕನ್ನಡಕಕ್ಕೆ ಒಂದು ಗಾಜು, ಮೂಗಿನ ಕೆಳಗೆ ಅರ್ಧ ಮೀಸೆ.

"ಮೀಸೆ ಯಾಕೋ?"

"ಆ ಕಡೆ ಒಂದು, ಈ ಕಡೆ ಒಂದು ಇತ್ತು ಮೇಡಂ. ಎರಡಾಯ್ತಲ್ಲ!"

ಸರ್ವಮಂಗಳಮ್ಮ ಎದುರಂಗಡಿಯ ಫಲಕದ ಕಡೆ ನೋಡಿದರು. ಕೊಟ್ರಮ್ಮ ಗಂಡನ ಅರ್ಧ ಮೀಸೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದರು, ಸೆರಗಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು. ತರಗತಿಗೆಲ್ಲ ಕೇಳುವಂತೆ ಫಲಿತಾಂಶ ಓದುವ ದನಿಯಲ್ಲಿ ಹೇಳಿದರು:

"ಹೇಳಿದ ಮಾತನ್ನ ಇಷ್ಟು ಶ್ರದ್ಧೆಯಿಂದ ಪಾಲಿಸಿದ ಶಿಷ್ಯ ನನಗೆ ಇದುವರೆಗೆ ಸಿಕ್ಕಿರಲಿಲ್ಲ. ಕೆಲಸ ಈ ಅಂಗಡಿಗೇ. ಮುರಿಗೇಶ ಪಾಸು. ಸರ್ವಮಂಗಳಮ್ಮ, ನಾವಿಬ್ಬರೂ ಫೇಲು!"